ಗುಜರಿಗೆ ಹಾಕಿದ ಹಿತ್ತಾಳೆ ಪ್ಲೇಟು

ಶನಿವಾರ ಮಧ್ಯಾಹ್ನ ಟ್ರಯಲ್‌ಗೆಂದು ರೀಲ್ ಬಿಟ್ಟೆ. ಚಿತ್ರ ಬಲಗಡೆ ಪರದೆ ದಾಟಿ ಗೋಡೆಯ ಮೇಲೆ ಹೋಗಿ ಕೂತಿತು. ಎಡಗಡೆಯ ಅಂಚು ಪೂರ್ತಿ ಓರೆ.

ಭಾನುವಾರ ಬೆಳಿಗ್ಗೆ ಶೋ...

ಕುಮಟೆಯ ಹಳೇ ಟಾಕೀಸು ಅದು. ಸಿನಿಮಾ ಈಗ ಡಿಜಿಟಲ್‌ನಲ್ಲೇ ಓಡುತ್ತದೆ. ಆದರೂ ತಿಂಗಳಿಗೊಮ್ಮೆ ರೀಲ್ ಸಿನಿಮಾ ತೋರಿಸಬೇಕೆಂಬುದು ಮಾಲೀಕರ ಆಸೆ. ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಪ್ರೊಜೆಕ್ಟರ್ ರೆಡಿ ಮಾಡಲು ಹೊನ್ನಾವರದಿಂದ ನನ್ನನ್ನು ಕರೆಸಿದ್ದರು.

ಎರಡು ತಿಂಗಳು ಬೈಕಿನಲ್ಲಿ ಓಡಾಡಿದೆ. ಗೇರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ಹಿಂದೆ ಬೆಳಕಿಗೆಂದು ಕಾರ್ಬನ್ ಕಡ್ಡಿ ಉರಿಸುತ್ತಿದ್ದ ಜಾಗದಲ್ಲಿ ಹೊಸ ಲ್ಯಾಂಪ್ ಕೂರಿಸಿದೆ.

ಅಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದ ಸುಬ್ರಾಯಣ್ಣ ಆಗಾಗ ಬಂದು ಸ್ಟೂಲ್ ಮೇಲೆ ಕೂತು ನೋಡುತ್ತಿದ್ದರು. ಒಂದು ದಿನ ಮೆಲ್ಲಗೆ ಕೇಳಿದರು, "ತಮಾ, ಮಿಷನ್ ಸುರುವಾದ್ರೆ ಓಡ್ಸುಕೆ ನನ್ನ ಕರೀತ್ರೋ ಇಲ್ಲೋ? ಮಾಲೀಕ್ರ ಹತ್ರ ಒಂದ್ ಮಾತು ಹೇಳಿ ನೋಡು."

ಹೇಳುತ್ತೇನೆ ಎಂದೆ. ಹೇಳಲಿಲ್ಲ.

ನಾನು ಮಾಲೀಕರಿಗೆ ಹೇಳಿದ್ದೇ ಬೇರೆ. ಮಿಷನ್ ಬಿಚ್ಚುವಾಗ ಫಿಲಂ ಹಾದುಹೋಗುವ ಜಾಗದಲ್ಲಿ ಒಂದು ಹಿತ್ತಾಳೆ ಪ್ಲೇಟು ಸಿಕ್ಕಿತ್ತು. ಅದರ ನಡುವಿನ ಪುಟ್ಟ ಕಿಟಕಿಯಿಂದಲೇ ಬೆಳಕು ಪರದೆಗೆ ಹೋಗುವುದು. ಆ ಕಿಟಕಿ ಸೊಟ್ಟಗಿತ್ತು, ಸುತ್ತ ಅರದಿಂದ ಉಜ್ಜಿದ ಗೀರುಗಳು.

"ಯಾವನೋ ಅಡ್ಡಕಸುಬಿಯ ಕೆಲಸ ಸರ್" ಎಂದು ಅವರಿಗೆ ತೋರಿಸಿ ನಕ್ಕೆ. ಗುಜರಿ ಚೀಲಕ್ಕೆ ಹಾಕಿ, ನೀಟಾದ ಹೊಸ ಪ್ಲೇಟು ಕೂರಿಸಿದೆ.

ಶನಿವಾರ ಚಿತ್ರ ಗೋಡೆಗೆ ಹೋದಾಗ ಸುಬ್ರಾಯಣ್ಣ ಕೇಳಿದ್ದು ಒಂದೇ ಮಾತು. "ಹಳೇ ಪ್ಲೇಟ್ ಎಂತ ಮಾಡ್ದೆ?"

ಆಗ ತಲೆಗೆ ಹೊಳೆಯಿತು. ಆ ಟಾಕೀಸಿನ ಕ್ಯಾಬಿನ್ ಪರದೆಗೆ ನೇರವಾಗಿಲ್ಲ, ಮೆಟ್ಟಿಲಿಗೆ ಜಾಗ ಬಿಟ್ಟು ಒಂದು ಪಕ್ಕಕ್ಕೆ ಕಟ್ಟಿದ್ದಾರೆ. ಬೆಳಕು ಓರೆಯಾಗಿ ಬೀಳುತ್ತದೆ. ಪರದೆಯಲ್ಲಿ ಅಂಚು ನೇರ ಕಾಣಬೇಕಾದರೆ ಪ್ಲೇಟಿನ ಕಿಟಕಿ ಸೊಟ್ಟಗೇ ಇರಬೇಕು! ಕೆಲಸಕ್ಕೆ ಸೇರಿದ ಹೊಸದರಲ್ಲಿ ಸುಬ್ರಾಯಣ್ಣನೇ ದಿನಗಟ್ಟಲೆ ಕೂತು ಉಜ್ಜಿದ್ದರಂತೆ.

ಗುಜರಿ ಅಂಗಡಿಗೆ ಓಡಿದೆ. ಲೋಡು ಹುಬ್ಬಳ್ಳಿಗೆ ಹೋಗಿಯಾಗಿತ್ತು.

ಬೈಸಿಕೊಳ್ಳಲು ತಯಾರಾಗಿಯೇ ವಾಪಸ್ ಬಂದೆ. ಅವರು ಬೈಯಲೇ ಇಲ್ಲ. "ಹೋದ್ದು ಹೋತು. ಚಿಕ್ಕ ಕಿಟಕಿದು ಇನ್ನೊಂದು ಕೊರ್ಸ್ಕಂಡು ಬಾ. ನಾ ಮನೆಯಿಂದ ಅರ ತತ್ತೆ."

ವರ್ಕ್‌ಶಾಪಿನಲ್ಲಿ ಕೊರೆಸಿ ತಂದೆ. ಅವರು ಮೇಲೆ ಕೂತು ಒಂಚೂರು ಉಜ್ಜುತ್ತಾರೆ, ಕೂರಿಸುತ್ತಾರೆ, ರೀಲ್ ಬಿಡುತ್ತಾರೆ. ನಾನು ಕೆಳಗೆ ಪರದೆಯ ಹತ್ತಿರ ನಿಂತು "ಎಡಕ್ಕೆ ಇನ್ನೂ ಬೇಕು" ಎಂದು ಕೂಗುತ್ತೇನೆ. ಮತ್ತೆ ಉಜ್ಜುತ್ತಾರೆ.

ಅಂದು ಸಂಜೆಯ ಡಿಜಿಟಲ್ ಶೋಗೆ ಜನ ಬರುವ ಹೊತ್ತಿಗೆ ನಾಲ್ಕೂ ಅಂಚು ಪರದೆಯ ಕಪ್ಪು ಬಟ್ಟೆಗೆ ಸರಿಯಾಗಿ ಬಂದು ನಿಂತವು. ನನಗೆ ಕಣ್ಣು ತುಂಬಿ ಬಂತು, ಸುಳ್ಳಲ್ಲ.

ಭಾನುವಾರದ ಶೋ ಚೆನ್ನಾಗಿ ಆಯಿತು. ಮಾಲೀಕರು ಕ್ಯಾಬಿನ್‌ಗೆ ಬಂದು ನನ್ನ ಬೆನ್ನು ತಟ್ಟಿದರು. "ನೀವು ಹೊಸ ಪ್ಲೇಟ್ ಹಾಕಿದ್ದು ಚಲೋ ಆತು. ಇನ್ನು ಪ್ರತಿ ತಿಂಗಳು ನೀವೇ ಬಂದು ಓಡ್ಸಿ. ಸುಬ್ರಾಯಂಗೆ ವಯಸ್ಸಾತು."

ಸುಬ್ರಾಯಣ್ಣ ಅಲ್ಲೇ ರೀಲ್ ಸುತ್ತುತ್ತಿದ್ದರು. ತಲೆ ಎತ್ತಲಿಲ್ಲ.

ನಾನು... "ಆತು ಸರ್" ಎಂದೆ.

ಹೊಗಳಿಕೆ ಯಾರಿಗೆ ಬೇಡ? ತಪ್ಪು ಒಪ್ಪಿಕೊಂಡರೆ ಎರಡು ತಿಂಗಳ ಹೆಸರು ಒಂದೇ ಗಳಿಗೆಯಲ್ಲಿ ಹೋಗುತ್ತದಲ್ಲ ಎಂದು ಹೆದರಿದೆ. ಶೋ ಆಗಿ ಮೂರು ದಿನವಾಯಿತು, ಇನ್ನೂ ಮಾಲೀಕರಿಗೆ ನಿಜ ಹೇಳಿಲ್ಲ.

ಮಾಲೀಕರು ನನ್ನ ಫ್ರೆಂಡ್ ಲಿಸ್ಟ್‌ನಲ್ಲಿದ್ದಾರೆ. ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಸರ್, ಹಳೇ ಪ್ಲೇಟನ್ನೂ ಹೊಸ ಪ್ಲೇಟನ್ನೂ ಉಜ್ಜಿದ್ದು ಸುಬ್ರಾಯಣ್ಣ... ಮುಂದಿನ ತಿಂಗಳು ಓಡಿಸಲು ಯಾರನ್ನು ಕರೆಯುತ್ತೀರಿ?