ತೋಳಿನ ಮೇಲಿನ ಹುಲಿ

ಇಲ್ಲದ್ದನ್ನು ಕಣ್ಣಾರೆ ಕಂಡೆವೆನ್ನುವವರ ಮಾತನ್ನು ನಾನು ಬಹಳ ವರ್ಷ ಕಿವಿಗೇ ಹಾಕಿಕೊಂಡವನಲ್ಲ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಯಾರಾದರೂ ಗಾಳಿ, ದೆವ್ವ, ಕನಸಿನಲ್ಲಿ ಬಂದ ಹಿರಿಯರು ಎಂದು ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಈಗ ನಾನೇ ಅಂಥದೊಂದು ಸಂಗತಿ ಹೇಳಹೊರಟಿದ್ದೇನೆ. ನೀವು ನಂಬಲೇಬೇಕೆಂದಿಲ್ಲ. ಹೇಳುವಾಗ ನನಗೆ ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಗುತ್ತದೆ ಎಂಬುದನ್ನು ಮಾತ್ರ ಮೊದಲೇ ತಿಳಿಸಿಬಿಡುತ್ತೇನೆ.

ಎಂಬತ್ತರ ದಶಕದ ಮಾತು. ಗುಡಗೇರಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೆ. ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದ ಮುದುಕರು ಸುತ್ತಲ ಹಳ್ಳಿಗಳಲ್ಲಿ ಆಗಿನ್ನೂ ಒಬ್ಬಿಬ್ಬರು ಇದ್ದರು. ಇಟಲಿಯಲ್ಲಿ ಕಾದಾಡಿದ್ದ ಒಬ್ಬರು, ಸತ್ತ ಜರ್ಮನ್ ಸಿಪಾಯಿಗಳ ಕಿಸೆಯಿಂದ ತೆಗೆದು ತಂದಿದ್ದ ಕೆಲವು ಫೋಟೋಗಳನ್ನು ನನಗೆ ಕೊಟ್ಟರು. ಆ ಡ್ರೆಸ್ಸಿನ ಮೇಲಿನ ಗುರುತುಗಳೇನು ಎಂಬ ಕುತೂಹಲಕ್ಕೆ ಹುಬ್ಬಳ್ಳಿಯ ಹಳೆಯ ಪುಸ್ತಕದ ಅಂಗಡಿಯಲ್ಲಿ ಇಂಗ್ಲಿಷಿನ ಚಿತ್ರಪುಸ್ತಕವೊಂದನ್ನು ಹುಡುಕಿ ತಂದೆ. ಆಮೇಲೆ ಅದೇ ಹುಚ್ಚು ಹಿಡಿಯಿತು. ಭುಜದ ಪಟ್ಟಿ ನೋಡಿ ಸಿಪಾಯಿಯೋ ಸಾಹೇಬನೋ, ಜರ್ಮನ್ನರ ಗುರುತಾದ ಹದ್ದಿನ ರೆಕ್ಕೆಯ ಬಾಗು ನೋಡಿ ಭೂಸೇನೆಯವನೋ ವಿಮಾನದಳದವನೋ ಎಂದು ಹೇಳಬಲ್ಲವನಾದೆ. ಹಳದಿಗಟ್ಟಿದ ಫೋಟೋದಲ್ಲಿ ಬಣ್ಣ ಗೊತ್ತಾಗುವುದಿಲ್ಲ. ಆಕಾರವನ್ನೇ ನಂಬಬೇಕು, ಕಂಡದ್ದನ್ನಷ್ಟೇ ಹೇಳಬೇಕು. ನನ್ನ ಕಣ್ಣು ತಪ್ಪುವುದಿಲ್ಲವೆಂಬ ಜಂಬವೂ ಬಂದಿತ್ತು.

ಒಂದು ವರ್ಷ ಶಾಲೆಯಲ್ಲಿ ಊರಿನ ಸೈನಿಕರ ಫೋಟೋ ಹಾಕಬೇಕೆಂದು ನಿಶ್ಚಯವಾಯಿತು. ಮೊದಲು ನೆನಪಾದವರು ಯಲ್ಲಪ್ಪಜ್ಜ. ಈಜಿಪ್ಟಿನ ಮರಳುಗಾಡಿನಲ್ಲಿ ಜರ್ಮನ್ನರ ಕೈಗೆ ಸಿಕ್ಕು, ಯುದ್ಧ ಮುಗಿಯುವವರೆಗೂ ಅವರ ಸೆರೆಯಲ್ಲಿದ್ದು ಬಂದವರು ಎಂದು ಊರೆಲ್ಲ ಅವರಿಗೆ ಮರ್ಯಾದೆ ಕೊಡುತ್ತಿತ್ತು. ಧ್ವಜವಂದನೆಯ ದಿನ ಮುಂದಿನ ಕುರ್ಚಿ ಅವರದೇ. ಮಾತು ಕಡಿಮೆ. ಯುದ್ಧದ ಸುದ್ದಿ ಎತ್ತಿದರೆ, "ಎಲ್ಲಾ ಮುಗದ್ಹೋತ್ರಿ" ಎಂದು ಸುಮ್ಮನಾಗುತ್ತಿದ್ದರು.

ಅವರ ಮಗಳು ಕಮಲವ್ವ ಒಂದು ರವಿವಾರ ನನ್ನನ್ನು ಮನೆಗೆ ಕರೆಸಿದಳು. ಅಜ್ಜ ಹೊಲದ ಕಡೆ ಹೋಗಿದ್ದರು. ಪಡಸಾಲೆಯಲ್ಲಿ ಅವಳ ಗಂಡ ಬಸಪ್ಪ, ಬಾಜೂ ಮನೆಯ ಇಬ್ಬರು ಹೆಂಗಸರು ಇದ್ದರು. ಅಪ್ಪನ ಟ್ರಂಕಿನ ತಳದಲ್ಲಿ ಸಿಕ್ಕಿದ ಫೋಟೋವನ್ನು ಅವಳು ಸೆರಗಿನಿಂದ ಒರೆಸಿ ನನ್ನ ಕೈಗಿತ್ತಳು.

"ಅಪ್ಪಗ ಹೇಳಿಲ್ರಿ ಸರ. ಶಾಲ್ಯಾಗ ನೋಡಿ ಖುಷಿ ಆಗ್ಲಿ ಅಂತ. ಕೆಳಗ ಯಾವ ಪಲ್ಟಣ ಅಂತ ಬರೀಬೇಕಲ್ರಿ, ಡ್ರೆಸ್ ನೋಡಿ ನೀವ ಹೇಳ್ರಿ."

ಬಾಗಿಲ ಬೆಳಕಿಗೆ ಹಿಡಿದು ಭೂತಕನ್ನಡಿಯಲ್ಲಿ ನೋಡಿದೆ. ಇಪ್ಪತ್ತರ ಆಸುಪಾಸಿನ ಯಲ್ಲಪ್ಪ, ಗಲ್ಲ ಬತ್ತಿದ ಮುಖ. ಟೊಪ್ಪಿಗೆಯ ಮೇಲೆ ಹದ್ದು. ಅಲ್ಲಿಗೇ ನಾನು ಸುಮ್ಮನಾಗಬೇಕಿತ್ತು. ಆದರೆ ಗುರುತು ಹತ್ತಿದ ಖುಷಿಯಲ್ಲಿ ನಾಲಿಗೆ ಓಡುತ್ತಲೇ ಇತ್ತು.

"ಇದು ನಮ್ಮ ಪಲ್ಟಣದ್ದಲ್ರಿ, ಜರ್ಮನ್ನರ ಡ್ರೆಸ್. ಎದಿ ಮ್ಯಾಲೂ ಹದ್ದು ಐತಿ. ಬಲಗಡೆ ತೋಳಿನ ಮ್ಯಾಲೆ ಗುರಾಣಿಯಂಥದೊಂದು ಬಿಲ್ಲೆ, ಮೂರು ಪಟ್ಟೇದ್ದು. ನಡುವ ಜಿಗಿಯೂ ಹುಲಿ."

ಆ ಹುಲಿಯನ್ನು ನಾನು ನೋಡಿದೆ. ಎತ್ತಿದ ಬಾಲ, ಮುಂದೆ ಚಾಚಿದ ಕಾಲು. ನನ್ನ ಪುಸ್ತಕದಲ್ಲಿ ಅಂಥ ಗುರುತೇ ಇರಲಿಲ್ಲವಾದ್ದರಿಂದ, ಹೊಸದೇನೋ ಸಿಕ್ಕಿತೆಂದು ಹಿಗ್ಗಿದೆ.

ಬಸಪ್ಪ ಫೋಟೋ ತೆಗೆದುಕೊಂಡು ಹೊರಳಿಸಿ ನೋಡಿದ. "ಹುಲಿ ಎಲ್ಲೈತ್ರಿ ಸರ? ಅಲ್ಲಿ ಕೈ ಐತೆಲ್ಲಾ" ಎಂದ.

ಮತ್ತೆ ಇಸಕೊಂಡು ನೋಡಿದೆ. ಫೋಟೋದಲ್ಲಿದ್ದವನು ಕೈಕಟ್ಟಿ ನಿಂತಿದ್ದ. ಎಡಗೈಯ ಅಂಗೈ ಬಲತೋಳಿನ ಮೇಲಿತ್ತು. ಬೆರಳುಗಳನ್ನು ಅಗಲಿಸಿ ಒತ್ತಿ ಹಿಡಿದಿದ್ದ. ಅದರ ಕೆಳಗೆ ಏನಿದೆಯೆಂದು ಯಾರಿಗೂ ಕಾಣುವಂತಿರಲಿಲ್ಲ. ಬೆಳಕಿಗೆ ತಿರುಗಿಸಿದೆ, ಓರೆ ಹಿಡಿದೆ. ಕೈ ಕೈಯಾಗಿಯೇ ಇತ್ತು. ಮೊದಲ ಸಲ ನೋಡಿದಾಗ ಅವನು ಕೈಕಟ್ಟಿದ್ದನೋ ಇಲ್ಲವೋ, ಈಗಲೂ ನನಗೆ ನೆನಪಾಗುವುದಿಲ್ಲ. ನೆನಪಿರುವುದು ಹುಲಿ ಮಾತ್ರ.

"ನಾ ಮುಚ್ಚಿಕೊಂಡ ನಿಂತಿದ್ನೆಲ್ರಿ ಮಾಸ್ತರ. ನಿಮಗ ಹೆಂಗ ಕಂಡ್ತು?"

ಹಿತ್ತಲ ಬಾಗಿಲಲ್ಲಿ ಯಲ್ಲಪ್ಪಜ್ಜ ನಿಂತಿದ್ದರು. ಯಾವಾಗ ಬಂದರೋ ಯಾರಿಗೂ ಗೊತ್ತಾಗಿರಲಿಲ್ಲ. ಕಾಲಿನ ಎರೆಮಣ್ಣನ್ನೂ ತೊಳೆದುಕೊಳ್ಳದೆ ಬಂದು ಕಂಬಕ್ಕೊರಗಿ ಕುಳಿತರು. ಬಾಜೂ ಮನೆಯ ಹೆಂಗಸರು ಮೆಲ್ಲಗೆ ಎದ್ದು ಹೋದರು. ಅಜ್ಜ ಯಾರ ಮುಖವನ್ನೂ ನೋಡದೆ ಹೇಳಿದರು. ಸೆರೆಯಲ್ಲಿ ಹಸಿವು, ಥಂಡಿ. ಒಂದು ದಿನ ನಮ್ಮವರೇ ಕೆಲವರು ಬಂದು, ಜರ್ಮನ್ನರ ಜೊತೆ ಸೇರಿದರೆ ಇಂಗ್ಲಿಷರಿಂದ ನಮ್ಮ ದೇಶ ಬಿಡಿಸಿಕೊಳ್ಳಬಹುದು ಎಂದರು. ಜೊತೆಗಿದ್ದ ಬಹಳ ಮಂದಿ ಒಲ್ಲೆವೆಂದು ಒಳಗೇ ಉಳಿದರು. ಇವರು ಹೊರಗೆ ಬಂದರು. ಮೈಮೇಲೆ ಆ ಡ್ರೆಸ್ ಬಂತು, ತೋಳಿಗೆ ಹುಲಿ ಬಂತು. ಊರಿಗೆ ಕಳಿಸಲೆಂದು ಫೋಟೋ ತೆಗೆಸುವಾಗ ಅದನ್ನು ಮುಚ್ಚಿ ಹಿಡಿದರು. ಮುಚ್ಚಿದರೂ ಕಳಿಸುವ ಧೈರ್ಯವಾಗಲಿಲ್ಲ.

"ಅದೂ ದೇಶಭಕ್ತೀನ ಅಲ್ಲೇನ್ರಿ ಮಾವ" ಎಂದ ಬಸಪ್ಪ. "ಇದರಾಗ ನಾಚಿಕಿ ಏನೈತ್ರಿ?"

"ದೇಶಕ್ಕ ಹೋದವರೂ ಇದ್ರು" ಎಂದರು ಅಜ್ಜ. "ನಾ ಹೊಟ್ಟಿಗೆ ಹೋದೆ."

ಕಮಲವ್ವ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಫೋಟೋವನ್ನು ಎಲ್ಲಿಡಬೇಕೆಂದು ತಿಳಿಯದೆ ನಾನು ಹಾಸಿದ್ದ ಜಮಖಾನದ ಮೇಲೆ ಇಟ್ಟು ಎದ್ದೆ. ಮುದುಕನೊಬ್ಬನ ಮೈಮೇಲಿನ ಬಟ್ಟೆ ಎಳೆದು ಬಂದಂತಾಗಿತ್ತು ನನಗೆ.

ಓಣಿಯ ತಿರುವಿನಲ್ಲಿ ಹಿಂದಿನಿಂದ ಅಜ್ಜ ಕೂಗಿದರು. ಏದುಸಿರು ಬಿಡುತ್ತ ಬಳಿ ಬಂದು, ಸುತ್ತ ನೋಡಿ, ಸಣ್ಣ ದನಿಯಲ್ಲಿ ಕೇಳಿದರು.

"ಮತ್ತೇನು ಕಂಡ್ತ್ರಿ?"

"ಏನೂ ಇಲ್ರಿ ಅಜ್ಜಾರ. ಹುಲಿ ಒಂದ."

ಅವರು ಬಹಳ ಹೊತ್ತು ನನ್ನ ಕಣ್ಣನ್ನೇ ನೋಡಿದರು. ಆಮೇಲೆ, ನನ್ನ ತಂದೆಯ ವಯಸ್ಸಿನ ಆ ಮನುಷ್ಯ ನನಗೆ ಕೈಮುಗಿದರು. "ಕಂಡಿದ್ರೂ ಕಮಲಿ ಮುಂದ ಹೇಳಬ್ಯಾಡ್ರಿ" ಎಂದರು. ನಾನು ಅವರ ಕೈ ಹಿಡಿದುಕೊಂಡು, ದೇವರಾಣೆ ಏನೂ ಕಂಡಿಲ್ಲವೆಂದೆ. ದೇವರನ್ನು ನಂಬದ ನಾನು ಆಣೆ ಇಟ್ಟದ್ದು ಅದೇ ಮೊದಲು. ಅವರು ಕೈ ಬಿಡಿಸಿಕೊಂಡು ಹೊರಟುಹೋದರು.

ಆ ಫೋಟೋ ಶಾಲೆಯ ಗೋಡೆಗೆ ಬರಲಿಲ್ಲ. ಧ್ವಜವಂದನೆಗೆ ಅಜ್ಜನೂ ಬರಲಿಲ್ಲ. ಸಂತೆಯಲ್ಲಿ ನನ್ನನ್ನು ದೂರದಿಂದ ಕಂಡರೆ, ಕೈಯಲ್ಲಿ ತುಂಬಿದ ಚೀಲವಿದ್ದರೂ ಇನ್ನೊಂದು ಓಣಿ ಹಿಡಿಯುತ್ತಿದ್ದರು. ಒಮ್ಮೆ ತಪ್ಪಿಸಿಕೊಳ್ಳಲಾಗದೆ ಎದುರಾದಾಗ ಅವರ ಎಡಗೈ ತಾನಾಗಿ ಬಲತೋಳಿಗೆ ಹೋಯಿತು. ಕೆಲವು ವರ್ಷಗಳಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಕಮಲವ್ವ ನನ್ನ ಕಡೆ ನೋಡಲಿಲ್ಲ.

ಅದಾದ ಮೇಲೆ ಧಾರವಾಡದ ಗ್ರಂಥಾಲಯವೊಂದರಲ್ಲಿ ದಪ್ಪ ಪುಸ್ತಕವೊಂದರ ಪುಟ ತಿರುವುವಾಗ ಆ ಬಿಲ್ಲೆ ಕಣ್ಣಿಗೆ ಬಿತ್ತು. ಮೂರು ಪಟ್ಟೆ, ನಡುವೆ ಜಿಗಿಯುವ ಹುಲಿ, ಎತ್ತಿದ ಬಾಲ. ನಾನು ಕಂಡದ್ದೇ ಅದು. ಹಿಂದೆ ಎಲ್ಲೋ ನೋಡಿ ಮರೆತಿರಬೇಕು ಎಂದು ಗೆಳೆಯರು ಹೇಳುತ್ತಾರೆ. ಇರಬಹುದು. ನಾನೂ ಹಾಗೆಂದೇ ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ, ಆಗಿಲ್ಲ.

ಕೈಯ ಕೆಳಗಿನದು ನನಗೆ ಹೇಗೆ ಕಂಡಿತೆಂದು ತಿಳಿಯದೆಯೇ ನಾನು ಸಾಯುತ್ತೇನೇನೋ. ಆದರೆ ನನ್ನನ್ನು ಹೆಚ್ಚು ಕಾಡುವುದು ಅದಲ್ಲ. ನನಗೆ ಕಂಡದ್ದು ಹುಲಿಯೊಂದೇ. ಯಲ್ಲಪ್ಪಜ್ಜ ಮಾತ್ರ ಕೊನೆಯವರೆಗೂ ನಾನು ಇನ್ನೂ ಏನೋ ಕಂಡಿದ್ದೇನೆಂದೇ ನಂಬಿ, ನನಗೆ ಹೆದರಿಕೊಂಡೇ ಬದುಕಿದರು. ಅದೇನೆಂದು ನನಗೆ ಗೊತ್ತಿಲ್ಲ.