ಸರ್ವರ್‌ನಲ್ಲಿ ಜಾಗ

ದೊಮ್ಮಲೂರಿನ ನಮ್ಮ ಆಫೀಸಿನ ಮೇಲ್ ಸರ್ವರ್ ನೋಡಿಕೊಳ್ಳುವವನು ನಾನು. ಡಿಸ್ಕ್ ತುಂಬುತ್ತಿದೆ ಎಂಬ ಎಚ್ಚರಿಕೆ ಬಂದ ದಿನ, ಯಾರ ಮೇಲ್‌ಬಾಕ್ಸ್ ದೊಡ್ಡದಿದೆ ಎಂದಷ್ಟೇ ನೋಡಿದೆ. ರಿಸೆಪ್ಷನ್‌ನಲ್ಲಿ ಕೂರುವ ಕಲಬುರಗಿಯ ಹೆಂಗಸಿನದು. ಅವರ ಹಳೆ ಫೋನಿನಲ್ಲಿ ಜಾಗ ಸಾಲದೆಂದು, ಊರಿನಲ್ಲಿ ಅವರ ಮಕ್ಕಳನ್ನು ನೋಡಿಕೊಳ್ಳುವ ಅಕ್ಕ ಮೇಲ್ ಮಾಡಿದ ಆ ಮಕ್ಕಳ ಫೋಟೋಗಳೇ ತುಂಬಿದ್ದವು. ಎಲ್ಲರೆದುರು ರೇಗಿದೆ: “ಇದೇನು ನಿಮ್ಮನೆ ಆಲ್ಬಮ್ಮಾ? ಮೊದ್ಲು ಡಿಲೀಟ್ ಮಾಡ್ರೀ.”

“ನನ್ನಿಂದ ಎಲ್ಲಾರಿಗೂ ತ್ರಾಸ ಆಯ್ತ್ ನೋಡ್ರಿ ಸರ್” ಎಂದವರು, ಊಟಕ್ಕೂ ಏಳದೆ, ಒಂದೊಂದನ್ನೇ ತೆರೆದು ನೋಡಿ ಅಳಿಸಿದರು.

ಮರುದಿನ ಮತ್ತೆ ಅದೇ ಎಚ್ಚರಿಕೆ. ಆಗ ಸರಿಯಾಗಿ ಹುಡುಕಿದೆ. ಹಿಂದೊಮ್ಮೆ ಯಾವುದೋ ದೋಷ ಪತ್ತೆಹಚ್ಚಲು, ಸರ್ವರ್ ಮಾಡುವ ಪ್ರತಿಯೊಂದು ಕೆಲಸವೂ ಲಾಗ್ ಫೈಲಿನಲ್ಲಿ ದಾಖಲಾಗುವಂತೆ ನಾನೇ ಮಾಡಿದ್ದೆ, ನಿಲ್ಲಿಸಲು ಮರೆತಿದ್ದೆ. ಅರ್ಧ ಡಿಸ್ಕನ್ನು ಅದೇ ನುಂಗಿತ್ತು. ದಾಖಲಾತಿ ನಿಲ್ಲಿಸಿ, ಆ ಫೈಲನ್ನು ಸದ್ದಿಲ್ಲದೆ ಅಳಿಸಿದೆ. ಆಕೆ ಅಳಿಸಿದ ಫೋಟೋಗಳನ್ನು ಸರ್ವರ್‌ನಿಂದ ಮರಳಿ ತರುವ ದಾರಿ ಇರಲಿಲ್ಲ.

“ಸರಿಹೋಯ್ತಾ?” ಮ್ಯಾನೇಜರ್ ಕೇಳಿದರು.

“ಹೂಂ ಸಾರ್, ಮೇಲ್‌ಬಾಕ್ಸ್ ಖಾಲಿ ಮಾಡಿಸ್ದೆ” ಎಂದೆ.

ಈಗಲೂ ಆಕೆ ಆಗಾಗ ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಾರೆ. “ಅಕ್ಕ ಒಂದೇ ಒಂದ್ ಫೋಟೋ ಕಳಸ್ತಾಳಂತ್ರಿ ಸರ್. ಜಾಗ ಅದ ಏನ್ರಿ?”

“ಇರಿ, ನೋಡಿ ಹೇಳ್ತೀನಿ” ಎಂದು ನಾನು ಪರದೆಯನ್ನು ನನ್ನ ಕಡೆಗೆ ತಿರುಗಿಸಿಕೊಳ್ಳುತ್ತೇನೆ.