ಬದುವಿನ ಮೇಲೆ ಸೈಕಲ್ಲು ಹೊತ್ತವನು

ಹೆಸರಘಟ್ಟದ ದಿಬ್ಬದಿಂದ ಪ್ರತಿ ಭಾನುವಾರ ಸೈಕಲ್ಲಿನವರ ಗುಂಪು ಕೆಸರು ಮೆತ್ತಿಕೊಂಡು ಇಳಿಯುತ್ತಿತ್ತು. ಮಿಕ್ಕವರು ನನ್ನ ರಾಗಿ ಹೊಲ ತುಳಿದುಕೊಂಡೇ ಹೋಗುವರು. ಕೊನೆಗೆ ಬರುವ ದಪ್ಪ ಮನುಷ್ಯ ಮಾತ್ರ ಸೈಕಲ್ಲನ್ನು ಹೆಗಲಿಗೇರಿಸಿ ಬದುವಿನ ಮೇಲೆ ಸುತ್ತಿಕೊಂಡು ಬರುತ್ತಿದ್ದ.

"ನಾನು ತುಳೀಲಿಲ್ಲ ಕಣಜ್ಜಿ," ಎನ್ನುವನು, ಪ್ರತಿಸಲವೂ.

"ಅದೇನ್ ದೊಡ್ಡಸ್ತಿಕೆ, ಓಗಯ್ಯ," ಎನ್ನುತ್ತಿದ್ದೆ.

ಒಂದು ಮಳೆಗಾಲ ಅವರ ಜೊತೆಯ ಹೆಂಗಸು ಬಂಡೆ ಮೇಲಿಂದ ಜಾರಿ ಬಿದ್ದಳು. ತೊಡೆಯಿಂದ ರಕ್ತ ಸುರಿಯುತ್ತಿತ್ತು. ಅವಳನ್ನು ಬೆನ್ನ ಮೇಲೆ ಹೊತ್ತು ಬಂದ ಆ ದಪ್ಪ ಮನುಷ್ಯ ಹೊಲದ ಅಂಚಿನಲ್ಲಿ ನಿಂತುಬಿಟ್ಟ. ರಸ್ತೆ ಹೊಲದಾಚೆಗಿತ್ತು.

"ಅಜ್ಜಿ, ದಾಟ್ಲಾ?"

"ಕೇಳ್ತಾ ನಿಂತಿದ್ದೀಯಲ್ಲಯ್ಯಾ, ತುಳ್ಕೊಂಡು ಓಡು!"

ಅವನು ರಾಗಿ ತುಳಿದುಕೊಂಡೇ ಓಡಿದ. ಹೆಂಗಸು ಬದುಕಿದಳು. ಮುಂದಿನ ಭಾನುವಾರ ಅವನು ಮತ್ತೆ ಬದುವಿನ ಮೇಲೇ ಬಂದ. ತನ್ನ ಮಾಮೂಲಿ ಮಾತು ಆಡದೆ, ತಲೆ ತಗ್ಗಿಸಿ ಹೊರಟ.

ನಾನೇ ಕೂಗಿ ಹೇಳಿದೆ: "ನೀನು ತುಳೀಲಿಲ್ಲ ಕಣಯ್ಯಾ. ತುಳಿಸ್ದೋಳು ನಾನು."